ಟಪ್ಪಿನ ಕೀಲು ಮಾಡಿಸಿದ ಬೇಸಿಗೆ

ಕಳೆದ ತಿಂಗಳು ಸಿಂದಗಿಯ ಬಜಾರಿನಲ್ಲಿ ನಿಂತು ಒಂದು ಕೊಡೆಯ ಬೆಲೆ ಇಳಿಸುತ್ತಿದ್ದೆ. ಪಕ್ಕದ ಅಂಗಡಿಯವನು ತನ್ನ ಮುಂಗಡೆಯ ನೆರಳಿನ ಬಟ್ಟೆಯನ್ನು ಬಿಸಿಲಿಗೆ ಹರವಿ ಅದಕ್ಕೆ ಅಗಸೆ ಎಣ್ಣೆ ಬಳಿಯುತ್ತಿದ್ದ. ಕಾದ ಬಟ್ಟೆಯ ಮೇಲೆ ಕುದಿಸಿದ ಅಗಸೆ ಎಣ್ಣೆ ಬಿದ್ದರೆ ಒಂದು ವಾಸನೆ ಏಳುತ್ತದೆ. ಅರ್ಧ ಅಡಿಗೆಮನೆಯದು, ಅರ್ಧ ಕುದುರೆ ಲಾಯದ್ದು. ಕೊಡೆಯವನು ನಾನು ಕೇಳಿದ ಬೆಲೆಗೆ ಇಳಿದೇಬಿಟ್ಟಿದ್ದ. ನಾನು ಮಾತ್ರ ನಡೆದುಬಿಟ್ಟೆ. ಹಿಂದಿನಿಂದ ಅವನು, "ಏ ಅಜ್ಜಾ, ಹೇಳಿದ್ ರೇಟಿಗೇ ಕೊಡಾಕತ್ತೇನಿ, ಮತ್ಯಾಕ ಹೊಂಟಿ?" ಎಂದು ಕೂಗಿದ. ಇಳಿಸಿದ ಬೆಲೆಯನ್ನು ಬಿಟ್ಟು ಬಂದವನಲ್ಲ ನಾನು. ಆ ವಾಸನೆ ಬಿಡಿಸಿತು.

ಅದು ಟಾಂಗಾದ ಟಪ್ಪಿನ ವಾಸನೆ. ಈಗಿನವರಿಗೆ ಟಪ್ಪು ಎಂದರೆ ಬಿಡಿಸಿ ಹೇಳಬೇಕು. ಟಾಂಗಾದ ಮೇಲೆ ಕಟ್ಟಿಗೆಯ ಕಮಾನುಗಳು, ಅವುಗಳ ಮೇಲೆ ಎಣ್ಣೆ ಕುಡಿಸಿದ ಕರಿಯ ಬಟ್ಟೆ. ಬಿಸಿಲು ಮಳೆಯಿದ್ದರೆ ಏರಿಸಬೇಕು, ಗಾಳಿಯಿದ್ದರೆ ಹಿಂದಕ್ಕೆ ಮಡಚಬೇಕು. ಹೀಗೆ ಏರಿಸಿ ಇಳಿಸುವುದಕ್ಕೆ ಎಡಕ್ಕೊಂದು ಬಲಕ್ಕೊಂದು ಕಬ್ಬಿಣದ ತೋಳು ಇರುತ್ತದೆ. ತೋಳಿನ ನಡುವೆ ಮೊಣಕೈಯ ಹಾಗೆ ಮಡಚುವ ಒಂದು ಕೀಲು. ಟಪ್ಪು ಏರಿಸಿ ಕೀಲನ್ನು ಅಂಗೈಯಿಂದ ಮೇಲಕ್ಕೆ ತಟ್ಟಿದರೆ ಠಕ್ ಎಂದು ಕೂಡುತ್ತದೆ. ಅದರ ಗುಟ್ಟೆಲ್ಲ ಇರುವುದು ಅಲ್ಲಿ. ತೋಳು ನೆಟ್ಟಗಾದರೆ ಸಾಲದು. ನೆಟ್ಟಗಾಗುವುದನ್ನು ದಾಟಿ ಜೋಳದ ಕಾಳಿನಷ್ಟು ಮೇಲೆ ಹೋಗಿ ನಿಲ್ಲಬೇಕು. ಆಗ ಟಪ್ಪಿನ ಭಾರವೇ ಕೀಲನ್ನು ಬಿಗಿ ಹಿಡಿಯುತ್ತದೆ. ಬರೀ ನೆಟ್ಟಗೆ ನಿಂತದ್ದು ರಸ್ತೆಯ ಮೊದಲನೆಯ ತಗ್ಗಿಗೇ ಕೂತವರ ತಲೆಯ ಮೇಲೆ ಬಂದು ಕೂಡುತ್ತದೆ.

ನಾನು ಮುದ್ದೇಬಿಹಾಳದವನು. ಅಪ್ಪ ಬಿಟ್ಟುಹೋದದ್ದು ಒಂದು ತಕ್ಕಡಿ, ಅದೂ ಒಂದು ಕಡೆಗೆ ವಾಲುತ್ತಿತ್ತು. ಸಂತೆಯಿಂದ ಸಂತೆಗೆ ಮೊಳೆ, ಬಳೆಪಟ್ಟಿ, ಗಾಡಿಯ ಕಡಾಣಿ ಮಾರುತ್ತ ಬಾಗೇವಾಡಿ, ಸಿಂದಗಿ, ಆಲಮೇಲ ಸುತ್ತಿ ಕೊನೆಗೆ ಇಂಡಿಯಲ್ಲಿ ಕಬ್ಬಿಣದ ಸಣ್ಣ ಅಂಗಡಿ ಇಟ್ಟೆ. ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷವಾಗಿತ್ತು. ಇಂಡಿಗೆ ರೈಲು ಬರುತ್ತದೆ ಎನ್ನುತ್ತಾರೆ, ಆದರೆ ಸ್ಟೇಷನ್ನು ಊರಿಗೆ ಬಹಳ ದೂರ. ನಡುವೆ ಬರೀ ಎರೆ ಹೊಲ. ಬೇಸಿಗೆಯಲ್ಲಿ ಜೋಳದ ಕೂಳೆ ಬಿಟ್ಟರೆ ಗಾಳಿಗೆ ಅಡ್ಡ ನಿಲ್ಲುವ ಒಂದು ಗಿಡವೂ ಇರಲಿಲ್ಲ. ಸೊಲ್ಲಾಪುರದ ರೈಲಿನಿಂದ ಇಳಿದವರು ಊರು ಮುಟ್ಟಬೇಕಾದರೆ ಸ್ಟೇಷನ್ನಿನ ಬೇವಿನ ಗಿಡದ ಕೆಳಗೆ ನಿಂತ ಟಾಂಗಾಗಳೇ ಗತಿ.

ಆ ಟಾಂಗಾದವರಲ್ಲಿ ಹಿರಿಯ ದಸ್ತಗೀರ. ಅವನ ಅಪ್ಪನೂ ಅದೇ ದಾರಿಯಲ್ಲಿ ಟಾಂಗಾ ಹೊಡೆದವನು. ದಸ್ತಗೀರನ ಕುದುರೆಯ ಹೆಸರು ಶಾಣ್ಯಾ. ಹೆಸರಿಗೆ ತಕ್ಕಂತೆ ಶಾಣ್ಯಾನೇ, ಏರು ಬಂದರೆ ತಾನಾಗಿಯೇ ನಿಂತು ಕೂತವರು ಇಳಿಯುವುದನ್ನು ಕಾಯುತ್ತಿತ್ತು. ದಸ್ತಗೀರನ ಟಾಂಗಾಕ್ಕೆ ಒಂದು ಮರ್ಯಾದೆ ಇತ್ತು. ಗೋಷಾ ಪಾಲಿಸುವ ಮನೆಗಳ ಹೆಂಗಸರು ಬೇರೆಯವರ ಟಾಂಗಾ ಹತ್ತುತ್ತಿರಲಿಲ್ಲ. ಟಪ್ಪು ಏರಿಸಿ ಸುತ್ತ ಪರದೆ ಕಟ್ಟಿ ಅವರನ್ನು ಕೂರಿಸಿದ ಮೇಲೆ ದಸ್ತಗೀರ ಹಿಂದಿನ ಮಗ್ಗುಲಿಗೆ ಬರಬೇಕಾದರೆ ಮೊದಲು ದೊಡ್ಡದಾಗಿ ಕೆಮ್ಮುತ್ತಿದ್ದ. ಅವನ ಕೆಮ್ಮು ಅವನ ಲೈಸೆನ್ಸು ಎಂದು ಊರವರು ನಗುತ್ತಿದ್ದರು.

ಯುಗಾದಿಯ ಸುಮಾರಿಗೆ ಸ್ಟೇಷನ್ ರಸ್ತೆಗೆ ಡಾಂಬರು ಬೀಳತೊಡಗಿತು. ಹಿಂದೆಯೇ ಸುದ್ದಿಯೂ ಬಂತು, ಪ್ರತಿ ರೈಲಿಗೂ ಬಸ್ಸು ಬರುತ್ತದಂತೆ. ಒಂದು ಮಧ್ಯಾಹ್ನ ದಸ್ತಗೀರ ಅಂಗಡಿಗೆ ಬಂದು ಮೊಳೆಯ ಚೀಲದ ಮೇಲೆ ಕೂತ.

"ಶೆಟ್ರ, ಬಸ್ ಬಂದ್ರ ನಾವೇನ್ ಕುದರೀನ ಕೊಯ್ದು ತಿನ್ನೂದೇನ್ರಿ?"

"ನೀ ತಿಂದರೂ ಅದು ದಕ್ಕೂದಿಲ್ಲ, ಬರೇ ಎಲವು" ಎಂದೆ. ಅವನು ನಗಲಿಲ್ಲ.

"ನಮ್ಮ ಹೆಂಡ್ತಿ ಅಣ್ಣ ಸೊಲ್ಲಾಪುರಕ್ಕ ಕರ್ಯಾಕತ್ಯಾನ್ರಿ. ಗಿರಣ್ಯಾಗ ಕೆಲಸ ಐತಂತ. ಮಳಿ ಬೀಳೂತನಾ ಕಿರಾಯಿ ಹಿಂಗ ನಡೀತಂದ್ರ ಹುಲ್ಲು ಹಸರಾಗತೈತಿ, ಕುದರಿ ಉಳೀತೈತಿ. ಇಲ್ಲಂದ್ರ ಗಿರಣಿನ. ಅಲ್ಲಿ ಹೊತ್ತು ಮುಣಗೂತನಾ ಮುಗಿಲ ಕಾಣೂದಿಲ್ಲಂತ್ರಿ ಶೆಟ್ರ."

ಯಾರಾದರೂ ತೊಂದರೆ ಹೇಳಿಕೊಂಡರೆ ದಾರಿ ತೋರಿಸದೆ ಬಿಟ್ಟವನಲ್ಲ ನಾನು. ಕೇಳದಿದ್ದರೂ ಹೇಳುತ್ತೇನೆ, ಅದು ನನ್ನ ಸ್ವಭಾವ. ಬಸ್ಸು ಯಾರನ್ನು ಒಯ್ಯುತ್ತದೆ, ಯಾರನ್ನು ಒಯ್ಯಲಾರದು ಎಂದು ಆಗಲೇ ಲೆಕ್ಕ ಹಾಕಿದ್ದೆ.

"ಲೇ ದಸ್ತಗೀರ, ಗಂಡಸರು ಹೋಗ್ತಾರ, ಹೋಗ್ಲಿ ಬಿಡು. ಬೀಬಿಯವರು ಕಂಡಕ್ಟರನ ಮುಂದ ನಿಂತು ಟಿಕೀಟ ತಗಸ್ತಾರೇನು?"

"ಇಲ್ರಿ."

"ಗೌಡ್ರ ಮನಿ ಹೊಸಾ ಸೊಸಿ, ಬಾಣಂತ್ಯಾರು, ಮುದುಕ್ಯಾರು?"

"ಅವರೂ ಕಷ್ಟರಿ."

"ಮತ್ತ? ಅರ್ಧಾ ಊರು ನಿಂದ ಆತಲ್ಲೊ. ಆದ್ರ ನಿನ್ನ ಟಪ್ಪ ನೋಡು, ಹಗ್ಗದ ಮ್ಯಾಲ ನಿಂತೈತಿ. ಗಾಳಿ ಬಿಟ್ಟರ ಪರದಾ ಒಂದ ಕಡೆ, ಟಪ್ಪ ಒಂದ ಕಡೆ. ಹೆಂಗಸರು ಕೂಡಬೇಕಂದ್ರ ಟಪ್ಪ ಗ್ವಾಡಿ ಹಂಗ ನಿಂದರಬೇಕು. ಹೊಸಾ ಕೀಲ ಹಾಕಸು. ನಾ ಮಾಡಿಸಿ ಕೊಡ್ತೇನಿ."

ಹೊರಗೆ ನಿಂತಿದ್ದ ಇನ್ನೊಬ್ಬ ಟಾಂಗಾದ ಭೀಮಶಿ ಇಣುಕಿ ನೋಡಿ, "ಶೆಟ್ರು ಮಾತಿನ್ಯಾಗ ಟಪ್ಪ ಏರಸ್ತಾರೋ ದಸ್ತಗೀರಣ್ಣ, ಕೀಲ ಯಾಕ ಬೇಕು?" ಎಂದ. ಅಂದವನೇ ಸಂಜೆ ಒಬ್ಬನೇ ಬಂದು ತನಗೂ ಒಂದು ಜೋಡಿ ಬೇಕೆಂದು ಹೇಳಿಹೋದ.

ದಸ್ತಗೀರನ ಹಳೆಯ ಕೀಲು ಅವನ ಅಪ್ಪನ ಕಾಲದ್ದು. ಒಳಗಿನ ಮೊಳೆ ಸವೆದು ತೂತು ಅಗಲವಾಗಿತ್ತು. ಅದನ್ನು ನೋಡಿ ಹೊಸದು ಮಾಡುವ ಹಾಗಿರಲಿಲ್ಲ. ಸಿಂದಗಿಯ ಒಂದು ವಾಡೆಯ ಹಿತ್ತಲಲ್ಲಿ ಹಳೆಯ ಬಗ್ಗಿಯೊಂದು ಕೋಳಿಗಳಿಗೆ ಗೂಡಾಗಿ ನಿಂತದ್ದು ನನಗೆ ಗೊತ್ತಿತ್ತು. ವಿಲಾಯತಿ ಕಬ್ಬಿಣ, ಗಟ್ಟಿ ಮಾಲು. ಹೋದೆ. ಎಡಗಡೆಯ ತೋಳು ಸ್ವಲ್ಪವೂ ಕೆಡದೆ ಇತ್ತು. ಬಲಗಡೆಯದು ಇರಲಿಲ್ಲ.

"ಬಲಗಡಿದು ಎಲ್ಲಿ?" ಎಂದು ವಾಡೆಯ ಕಾರಭಾರಿಯನ್ನು ಕೇಳಿದೆ.

"ಎತ್ತಿನ ಕೊಟಗಿ ಬಾಗಲಕ್ಕ ಅಗಳಿ ಮಾಡೇವ್ರಿ."

ಒಳಗೊಳಗೇ ಖುಷಿಯಾದೆ. ಮುಖ ಮಾತ್ರ ಜೋಲು ಹಾಕಿದೆ. "ಒಂಟಿ ಎತ್ತು, ಒಂಟಿ ಕೆರಾ, ಒಂಟಿ ಕೀಲು, ಇವನ್ಯಾರ್ ಕೊಳ್ತಾರಪ? ದಾರಿ ಖರ್ಚರೆ ಹುಟ್ಲಿ ಅಂತ ಒಯ್ತೇನಿ" ಎಂದೆ. ಅವನು ಕೊಟ್ಟ, ಮೇಲೆ ಚಹಾ ಕೂಡ ಕುಡಿಸಿದ. ವ್ಯಾಪಾರ ಕಲಿಯುವವರಿಗೆ ಒಂದು ಮಾತು ಹೇಳುತ್ತೇನೆ. ಜೋಡಿಯಲ್ಲಿ ಒಂದು ಕಳೆದ ಮಾಲು ಕಂಡರೆ ಬಿಡಬೇಡಿ, ಬೆಲೆ ತಾನೇ ಮುರಿದುಕೊಂಡು ಕೂತಿರುತ್ತದೆ. ಬರುವಾಗ ದಾರಿ ಬಳಸಿ ಬಾಗೇವಾಡಿಯ ಸಂತೆ, ಮುದ್ದೇಬಿಹಾಳದ ಬಜಾರು ಎಲ್ಲ ಸುತ್ತಿ ಟಾಂಗಾದವರಿಗೆಲ್ಲ ಆ ಒಂಟಿ ತೋಳನ್ನು ಮಡಚಿ ಬಿಚ್ಚಿ ತೋರಿಸಿದೆ. ಠಕ್ ಎನ್ನುವ ಸದ್ದು ಕೇಳಿದವರೆಲ್ಲ ನಮಗೂ ಮಾಡಿಸಿರಿ ಎಂದರು.

ಇಂಡಿಯ ಕಂಬಾರ ಮಾನಪ್ಪ ಗಾಡಿ ಕೆಲಸಕ್ಕೆ ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರಾದವನು. ಕಾದ ಹಳಿಯನ್ನು ಗಾಲಿಗೆ ಕೂಡಿಸಿದನೆಂದರೆ ಗಾಲಿ ಮುರಿದರೂ ಹಳಿ ಬಿಡುತ್ತಿರಲಿಲ್ಲ. ತೋಳನ್ನು ಅವನ ಕೈಗಿಟ್ಟು, "ಇದರಂಗ ಒಂದು ಗುಂಜಿ ಹೆಚ್ಚಿಲ್ಲ, ಕಮ್ಮಿಲ್ಲ, ಮಾಡು" ಎಂದೆ. ಅವನು ಅದನ್ನು ಅತ್ತ ಇತ್ತ ತಿರುಗಿಸಿ, "ಇದೇನ್ ಮಹಾ ಬಿಡ್ರಿ" ಎಂದ. ಆ ಬೇಸಿಗೆ ಎಂಥದಿತ್ತೆಂದರೆ ಕುಲುಮೆಯ ಒಳಗೂ ಹೊರಗೂ ಒಂದೇ ಬಿಸಿ. ಮಾನಪ್ಪನ ಹೆಂಡತಿ ತಿದಿ ಒತ್ತುತ್ತ ನಡುನಡುವೆ ಸೆರಗು ನೀರಿಗೆ ಅದ್ದಿ ತಲೆಗೆ ಹಾಕಿಕೊಳ್ಳುತ್ತಿದ್ದಳು. ನಾನು ದಿನಾ ಹೋಗಿ ಕೂಡುತ್ತಿದ್ದೆ. ಒಂದೊಂದು ಕೀಲೂ ಮಡಚಿ ಬಿಚ್ಚಿ ನೋಡುತ್ತಿದ್ದೆ. ಒಂದರಲ್ಲೂ ಕುಂದಿರಲಿಲ್ಲ. ಜೋಳದ ಕಾಳಿನಷ್ಟು ಮೇಲೆ ಹೋಗಿಯೇ ನಿಲ್ಲುತ್ತಿದ್ದವು.

ಎಲ್ಲ ಮುಗಿದ ಮೇಲೆ ದಸ್ತಗೀರನ ಟಾಂಗಾ ಕುಲುಮೆಯ ಮುಂದೆ ತಂದು ನಿಲ್ಲಿಸಿದೆವು. ಎಡಗಡೆಯ ತೋಳು ಕೂಡಿತು. ಬಲಗಡೆಯದು ಕೂಡಲಿಲ್ಲ. ತೋಳಿಗೆ ಕೀಲಿನ ಪಕ್ಕದಲ್ಲಿ ಒಂದು ಬಗ್ಗು ಇರುತ್ತದೆ, ಟಪ್ಪಿನ ಬಟ್ಟೆಗೆ ತಾಗದ ಹಾಗೆ ಅದು ಹೊರಕ್ಕೆ ಇರಬೇಕು. ಬಲಗಡೆ ಇಟ್ಟರೆ ಆ ಬಗ್ಗು ಒಳಕ್ಕೆ ಬಂದು ಕೂತವರ ಪಕ್ಕೆಗೆ ಚುಚ್ಚುತ್ತಿತ್ತು. ಬಗ್ಗು ಹೊರಗೆ ಬರಲೆಂದು ತಿರುವಿ ಇಟ್ಟರೆ ಕೀಲು ಕೆಳಮುಖವಾಗಿ, ತಟ್ಟಿದರೆ ಕೂಡುವ ಬದಲು ಬೀಳುತ್ತಿತ್ತು.

"ಮಾನಪ್ಪ, ಇವು ಎಡಗಡಿವು. ಬಲಗಡಿವು ಎಲ್ಲಿ?"

"ಬಲಗಡಿವು ಅಂದ್ರ?"

"ಅಂದ್ರೇನೋ? ಬಲಗಡಿಗೆ ಹಾಕುವಂಥಾವು."

"ನೀವ ಕೊಟ್ಟದ್ದು ಇದು. ಇದರಂಗ ಮಾಡಂದ್ರಿ, ಮಾಡೇನಿ. ಕಬ್ಬಿಣಕ್ಕ ಎಡಾ ಬಲಾ ಇರತೈತೇನ್ರಿ ಶೆಟ್ರ? ಇಷ್ಟ ವರ್ಷ ಗಾಡಿ ಮಾಡೇನಿ, ಈ ಕಡಿ ಗಾಲಿ ಆ ಕಡಿ ಹಾಕು, ಆ ಕಡಿದು ಈ ಕಡಿ ಹಾಕು, ನಡೀತೈತಿ. ಎತ್ತಿಗೆ ಎಡಾ ಬಲಾ ಐತಿ ಖರೆ, ಗಾಡಿಗಿಲ್ಲ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಮ್ಮ ಸೀಮೆಯ ಗಾಡಿ ಅಂಥದ್ದು. ಯಾವ ಸಾಮಾನಾದರೂ ಎರಡೂ ಕಡೆಗೆ ನಡೆಯುತ್ತದೆ. ಗಾಡಿಯ ಸಾಮಾನು ಮಾರಿ ದೊಡ್ಡವನಾದ ನನಗೂ ಅದು ಹೊಳೆದಿರಲಿಲ್ಲ. ಗುಡ್ಡೆ ಬಿದ್ದ ಅಷ್ಟೂ ತೋಳುಗಳು ಎಡಗೈಯವು. ದಸ್ತಗೀರ ಗುಡ್ಡೆಯ ಸುತ್ತ ಒಂದು ಸುತ್ತು ಹಾಕಿ, "ನಮ್ಮ ಶೆಟ್ರು ಊರ ಮಂದಿಗೆಲ್ಲಾ ಎರಡೂ ಎಡಗಾಲಿನ ಕೆರಾ ತಂದಾರ" ಎಂದು ನಕ್ಕ. ಮಾನಪ್ಪನ ಹೆಂಡತಿ ತಿದಿ ಬಿಟ್ಟು ಬಿದ್ದು ಬಿದ್ದು ನಕ್ಕಳು. ದಸ್ತಗೀರ ನಕ್ಕದ್ದನ್ನು ಆ ಬೇಸಿಗೆಯಲ್ಲಿ ನೋಡಿದ್ದು ಅಂದೊಂದೇ.

ಕಾಯಿಸಿ ಬಗ್ಗನ್ನು ತಿರುಗಿಸಿ ನೋಡಿದೆವು. ಬಗ್ಗು ತಿರುಗುವಾಗ ಪಕ್ಕದ ಕೀಲಿನ ಬಾಯಿಯೂ ಸೊಟ್ಟಗಾಗಿ ಹಲ್ಲು ಕಚ್ಚಿಕೊಂಡಿತು. ಬಲಗಡೆಯವನ್ನು ಮೊದಲಿನಿಂದಲೇ ಮಾಡಬೇಕಾಯಿತು. ಮತ್ತೆ ಕಬ್ಬಿಣ ತರಿಸಬೇಕು, ಮತ್ತೆ ಇದ್ದಲಿ. ಆ ನಡುವೆ ಮಾನಪ್ಪನಿಗೆ ಕುಂಟೆ ಕೂರಿಗೆಯ ಕೆಲಸ ಬಂತು. ಮುಂಗಾರಿಗೆ ಮುಂಚೆ ರೈತರನ್ನು ಕಾಯಿಸುವ ಕಂಬಾರ ಎಲ್ಲೂ ಇಲ್ಲ. ನಮ್ಮ ಕೆಲಸ ಮೂಲೆಗೆ ಬಿತ್ತು. ಆ ದಿನಗಳಲ್ಲೇ ಬಸ್ಸು ಬಂತು.

ಸ್ಟೇಷನ್ನಿನ ಮುಂದೆ ಹೊಸ ಬಸ್ಸಿಗೆ ಮಾವಿನ ತಳಿರು ಕಟ್ಟಿ, ಗಾಲಿಗೆ ಲಿಂಬೆಹಣ್ಣು ಇಟ್ಟು, ಕಾಯಿ ಒಡೆದರು. ಊರ ಹೆಂಗಸರು ಆರತಿ ಎತ್ತಿದರು. ಟಾಂಗಾದವರೆಲ್ಲ ಬೇವಿನ ಗಿಡದ ಕೆಳಗೆ ಸಾಲಾಗಿ ನಿಂತು ನೋಡಿದರು. ಹೊಸ ಸಂಬಂಧಿಕರನ್ನು ನೋಡಿದ ಹಾಗೆ ಶಾಣ್ಯಾ ಕಿವಿ ನಿಮಿರಿಸಿ ಬಸ್ಸನ್ನೇ ನೋಡುತ್ತಿತ್ತು. ಗಂಡಸರು ಆ ದಿನದಿಂದಲೇ ಬಸ್ಸಿಗೆ ಹೋದರು. ಕೈಯಲ್ಲಿ ಚೀಲ, ಬಾಯಲ್ಲಿ ಎಲೆ, ಕಿಟಕಿಯಿಂದ ಕೈ ಬೇರೆ ಬೀಸುತ್ತಿದ್ದರು. ಆದರೆ ನನ್ನ ಲೆಕ್ಕ ತಪ್ಪಿರಲಿಲ್ಲ. ಹೆಂಗಸರು ಬಸ್ಸು ಹತ್ತಲಿಲ್ಲ. ಬಸ್ಸಿನ ಹಿಂದೆ ಧೂಳು ಕುಡಿಯುತ್ತ, ಹಗ್ಗ ಕಟ್ಟಿದ ಟಪ್ಪಿನ ಕೆಳಗೆ ಪರದೆ ಹಿಡಿದುಕೊಂಡು ದಸ್ತಗೀರನ ಟಾಂಗಾದಲ್ಲೇ ಬಂದರು. ನಾನು ಸಂಜೆ ಸಂಜೆ ಅಂಗಡಿಯಿಂದ ಎದ್ದು ನಿಂತು ಅದನ್ನು ನೋಡುತ್ತಿದ್ದೆ.

"ನೋಡಿದೇನು? ಹೇಳಿದ್ನಿಲ್ಲ?" ಎಂದು ಮನೆಯಲ್ಲಿ ಹೆಂಡತಿಗೆ ಹೇಳಿದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಮೊನ್ನಿ ನಾ ತೌರಮನಿಂದ ಬಂದದ್ದು ಬಸ್ಸಿನ್ಯಾಗರಿ" ಎಂದಳು.

"ಏನಂದಿ?"

"ಮತ್ತ? ಟಾಂಗಾದಾಗ ಬಂದ್ರ ನಿಮಗ ಊಟಕ್ಕ ಹೊತ್ತಾಗತಿತ್ತು. ಹೊತ್ತಿಗೆ ಸರಿಯಾಗಿ ಉಂಡ್ರಿಲ್ಲ?"

ಇದನ್ನು ದಸ್ತಗೀರನಿಗೆ ಹೇಳಲಿಲ್ಲ. ನಮ್ಮ ಹೆಂಗಸರ ಮಾತು ಬೇರೆ, ಗೋಷಾದವರ ಮಾತು ಬೇರೆ ಎಂದು ನನಗೆ ನಾನೇ ಹೇಳಿಕೊಂಡೆ.

ಬಲಗಡೆಯ ತೋಳುಗಳು ಕೊನೆಗೂ ಆದವು. ಟಪ್ಪಿಗೆ ಹೊಸ ಬಟ್ಟೆ, ಅದಕ್ಕೆ ಕಾಡಿಗೆ ಕಲಸಿದ ಅಗಸೆ ಎಣ್ಣೆ, ಪರದೆಗೆ ಒಳಗಡೆ ತಂತಿ. ದಸ್ತಗೀರ ಎಡಗೈ ಬಲಗೈ ಎರಡರಿಂದಲೂ ಒಟ್ಟಿಗೆ ತಟ್ಟಿದ. ಎರಡು ಠಕ್ ಒಂದೇ ಆಗಿ ಕೇಳಿಸಿತು. ಬಯಲಿನಲ್ಲಿ ಗಾಳಿ ಬಾರಿಸುತ್ತಿತ್ತು, ಟಪ್ಪು ಅಲುಗಲಿಲ್ಲ. ಅವನು ಏರಿಸಿದ, ಇಳಿಸಿದ, ಮತ್ತೆ ಏರಿಸಿದ. ಎಣ್ಣೆಯ ವಾಸನೆಗೆ ಕುದುರೆ ಸೀನಿತು. "ನಿಂತೈತಲ್ರೀ ಶೆಟ್ರ" ಎಂದ. "ನಿಂದರದ ಏನ್ ಮಾಡತೈತಿ?" ಎಂದೆ ನಾನು. ಅಂದು ಇಬ್ಬರಿಗೂ ಹಸಿವೆ ಚೆನ್ನಾಗಿತ್ತು.

ಊರಿನ ಗೋಷಾದ ಹೆಂಗಸರಲ್ಲಿ ಹಿರಿಯರು ಇನಾಮದಾರರ ಮನೆಯ ಬಡೀಬಿ. ಅವರು ಏನು ಉಟ್ಟರೆ ಮಿಕ್ಕವರು ಅದು, ಅವರು ಯಾವ ದರ್ಗಾಕ್ಕೆ ಹೊರಟರೆ ಮಿಕ್ಕವರು ಅಲ್ಲಿಗೆ. ಬಡೀಬಿ ಮಗಳ ಮನೆಯಿಂದ ಬರುವ ದಿನ ಯಾವುದೆಂದು ದಸ್ತಗೀರ ಕೇಳಿ ತಿಳಿದುಕೊಂಡಿದ್ದ. ಆ ದಿನ ಅವನು ಪರದೆ ಒಗೆಸಿದ, ಶಾಣ್ಯಾನ ಮೈ ತಿಕ್ಕಿದ. "ಅವರೊಬ್ಬರು ಈ ಟಪ್ಪಿನ ಕೆಳಗ ಕುಂತು ಊರೊಳಗ ಹೋದ್ರಂದ್ರ ಸಾಕ್ರಿ" ಎಂದ. ನನಗೂ ಗೊತ್ತಿತ್ತು, ಅವರೊಬ್ಬರು ಕೂತರೆ ಎಲ್ಲರೂ ಕೂತ ಹಾಗೆ. ಅಂಗಡಿಗೆ ಬೀಗ ಹಾಕಿ ನಾನೂ ಸ್ಟೇಷನ್ನಿಗೆ ಹೋದೆ.

ರೈಲು ಬಂತು. ಬಡೀಬಿ, ಸೊಸೆ, ಮೊಮ್ಮಕ್ಕಳು ಇಳಿದರು. ದಸ್ತಗೀರ ದೂರದಿಂದಲೇ ಕೆಮ್ಮಿ, ಸಲಾಮು ಹೇಳಿ, ಗಂಟು ಗಡಿಗೆ ಎತ್ತಿಕೊಳ್ಳಲು ಹೋದ. ಬಡೀಬಿ ನೇರ ಟಾಂಗಾದ ಹತ್ತಿರವೇ ಬಂದರು. ಬುರಖಾದ ಒಳಗಿಂದ ಕೈ ಹೊರಗೆ ತಂದು ಕೀಲನ್ನು ಮುಟ್ಟಿ ನೋಡಿದರು.

"ಬಾಳ ಚಂದ ಆಗೇತಿ ದಸ್ತಗೀರ. ನಿಮ್ಮಪ್ಪ ಇದ್ದಿದ್ರ ನೋಡ್ತಿದ್ದ."

"ಶೆಟ್ರು ಮಾಡಿಸಿ ಕೊಟ್ಟಾರ್ರಿ ಅಮ್ಮಾ. ಹತ್ರಿ."

ಅವರು ಹತ್ತಲಿಲ್ಲ.

"ಸಿಟ್ಟಾಗಬ್ಯಾಡಪಾ. ಟಾಂಗಾದ ಧಡಕಿ ನನ್ನ ಸೊಂಟ ತಡಿಯೂದಿಲ್ಲ ಈಗ. ಆ ಮೋಟಾರ ಹಾಸಗಿ ಮ್ಯಾಲ ಕುಂತಂಗ ಹೋಗತೈತಂತ. ಇವತ್ತ ನೋಡೇ ಬಿಡ್ತೇನಿ."

ದಸ್ತಗೀರ ಗಂಟಿನಿಂದ ಕೈ ತೆಗೆದ. ನಾನು ಸುಮ್ಮನಿರುವವನೇ? ಮುಂದೆ ಹೋದೆ.

"ಅಮ್ಮಾ, ಅಲ್ಲಿ ಗಂಡಸರು ತುಂಬಿರತಾರ್ರಿ. ಪರದಾ ಇಲ್ಲ, ಏನಿಲ್ಲ. ನಿಮ್ಮ ಮನಿತನದಾವ್ರು ಅದರಾಗ ಹ್ಯಾಂಗ..."

ಬಡೀಬಿ ನನ್ನ ಕಡೆ ತಿರುಗಿದರು. ಮುಖ ಕಾಣಲಿಲ್ಲ. ದನಿ ಮಾತ್ರ ತಣ್ಣಗಿತ್ತು.

"ಪರದಾ ನನ್ನ ಮೈಮ್ಯಾಲ ಐತಿ ಶೆಟ್ರ, ನಿಮ್ಮ ಟಾಂಗಾದ ಮ್ಯಾಲಲ್ಲ."

ಜೀವಮಾನವೆಲ್ಲ ಚೌಕಾಸಿ ಮಾಡಿದವನು ನಾನು. ಯಾವ ಮಾತಿಗೆ ಮರುಮಾತು ಇದೆ, ಯಾವುದಕ್ಕಿಲ್ಲ ಎಂಬುದು ಕೇಳಿದ ಕೂಡಲೇ ಗೊತ್ತಾಗುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟೆ.

ಬಸ್ಸಿನ ಬಾಗಿಲಲ್ಲಿ ಇನ್ನೊಂದು ಆಯಿತು. ಮೆಟ್ಟಿಲು ಎತ್ತರ. ಬಡೀಬಿ ಒಂದು ಸಲ ಕಾಲು ಎತ್ತಿ ನೋಡಿದರು, ಆಗಲಿಲ್ಲ. ಕಂಡಕ್ಟರ ಒಳ್ಳೆಯ ಹುಡುಗ, "ಕೈ ಕೊಡ್ರಿ ಅಮ್ಮಾ" ಎಂದು ಬಾಗಿದ. ಅವರು ಥಟ್ಟನೆ ಕೈ ಬುರಖಾದೊಳಗೆ ಎಳೆದುಕೊಂಡರು. ಪರಗಂಡಸಿನ ಕೈ ಹಿಡಿಯುವುದುಂಟೆ? ಡ್ರೈವರ ಹಾರ್ನು ಹೊಡೆದ. ಒಳಗಿದ್ದವರು ಗೊಣಗಿದರು. ಬಡೀಬಿ ಬಿಸಿಲಲ್ಲಿ ನಿಂತು ಒಮ್ಮೆ ಟಾಂಗಾದ ಕಡೆ ಹಿಂತಿರುಗಿ ನೋಡಿದರು. ನನ್ನ ಎದೆಯಲ್ಲಿ ಆಸೆ ಎದ್ದಿತು. ಈಗ ಬರುತ್ತಾರೆ, ಬೇರೆ ದಾರಿಯೇ ಇಲ್ಲ.

ದಸ್ತಗೀರ ಟಾಂಗಾದ ಹಿಂದಿನಿಂದ ಹತ್ತುವ ಮಣೆ ತೆಗೆದುಕೊಂಡು ಹೋದ. ಬಸ್ಸಿನ ಮೆಟ್ಟಿಲ ಕೆಳಗೆ ಇಟ್ಟು, ಅಲುಗದ ಹಾಗೆ ಒಂದು ಕಾಲಿನಿಂದ ಒತ್ತಿ ಹಿಡಿದ. ಮುಖ ಆಚೆ ತಿರುಗಿಸಿ ತನ್ನ ಚಾಬೂಕಿನ ಹಿಡಿಯನ್ನು ಬಡೀಬಿಯ ಮುಂದೆ ಚಾಚಿದ. ಅವರು ಅದನ್ನು ಹಿಡಿದು, ಮಣೆಯ ಮೇಲೆ ಕಾಲಿಟ್ಟು, ಹತ್ತಿದರು. ಸೊಸೆಯೂ ಹಾಗೆಯೇ ಹತ್ತಿದಳು. ಮೊಮ್ಮಕ್ಕಳನ್ನು ಅವನೇ ಎತ್ತಿ ಕೊಟ್ಟ. ಗಂಟುಗಳನ್ನೂ ಕೊಟ್ಟ.

ಬಸ್ಸು ಹೋದ ಮೇಲೆ ನಾನು ಅವನ ಮೇಲೆ ಹರಿಹಾಯ್ದೆ. "ಲೇ ಹುಚ್ಚ, ತಿರುಗಿ ಬರ್ತಿದ್ರು! ನಿನ್ನ ಕೈಯಾರ ನೀನ ಹತ್ತಿಸಿ ಕಳಿಸಿದೆಲ್ಲೊ!"

ಅವನು ಮಣೆಯ ಧೂಳು ಒರೆಸುತ್ತಿದ್ದ. "ಬಿಸಲಾಗ ನಿಂತಿದ್ರಲ್ರಿ" ಎಂದ. ಮಣೆಯನ್ನು ಟಾಂಗಾದ ಹಿಂದೆ ಸಿಕ್ಕಿಸಿ, "ಮದಲಗಿತ್ತಿ ಆಗಿ ಈ ಊರಿಗೆ ಬಂದಾಗ ನಮ್ಮಪ್ಪನ ಟಾಂಗಾದಾಗ ಬಂದಾರ್ರಿ ಅವರು. ಹತ್ತಾಕ ಆಗವಲ್ದು, ನಾ ಏನ್ ನೋಡ್ಕೋತ ನಿಂದರ್ಲಿ?" ಎಂದ.

ಬಡೀಬಿ ಬಸ್ಸಿನಲ್ಲಿ ಬಂದರು ಎಂಬುದು ಸಂಜೆಯೊಳಗೆ ಎಲ್ಲ ಅಡಿಗೆಮನೆಗಳಿಗೂ ಮುಟ್ಟಿತು. ಆಮೇಲಿನ ರೈಲುಗಳಿಂದ ಇಳಿದ ಹೆಂಗಸರು ಸೀದಾ ಬಸ್ಸಿಗೆ ನಡೆದರು. ಹೋಗಿ ಬಾಗಿಲಲ್ಲಿ ನಿಂತು, "ದಸ್ತಗೀರ, ಮಣಿ ತಾ" ಎನ್ನುತ್ತಿದ್ದರು. ಅವನು ಒಯ್ದು ಇಡುತ್ತಿದ್ದ. ಭೀಮಶಿ ಮೊದಮೊದಲು ಚೇಷ್ಟೆ ಮಾಡಿದ, ಆಮೇಲೆ ಅದನ್ನೂ ಬಿಟ್ಟು ಕಬ್ಬಿನ ಗದ್ದೆಯ ಕೂಲಿಗೆಂದು ಆಲಮೇಲದ ಕಡೆ ಹೋದ. ಬಾಗೇವಾಡಿ, ಮುದ್ದೇಬಿಹಾಳದವರು ಹೇಳಿಹೋದ ಕೀಲುಗಳನ್ನು ಒಯ್ಯಲು ಬರಲಿಲ್ಲ. ಆ ಎಡಗೈ ಗೊಂದಲ ಆಗದಿದ್ದರೆ, ಬಸ್ಸಿಗೆ ಮುಂಚೆ ಟಪ್ಪುಗಳು ನಿಂತಿದ್ದರೆ, ಎಂದು ಕೆಲವು ದಿನ ಯೋಚಿಸಿದೆ. ಏನೂ ಆಗುತ್ತಿರಲಿಲ್ಲ. ಸೊಂಟ ನೋಯುವವರಿಗೆ ಯಾವ ಕೀಲು ಏನು ಮಾಡೀತು.

ಮಿರಗದ ಮಳೆ ಬಿತ್ತು. ಹುಲ್ಲು ಹಸಿರಾಯಿತು. ಕುದುರೆಗೆ ಕಾಳು ಹಾಕುವ ಶಕ್ತಿ ದಸ್ತಗೀರನಿಗೆ ಅಷ್ಟರಲ್ಲಿ ಉಳಿದಿರಲಿಲ್ಲ. ಝಳಕಿಯಲ್ಲಿ ಇಟ್ಟಂಗಿ ಭಟ್ಟಿಯವನೊಬ್ಬ ಮಣ್ಣು ಎಳೆಯಲು ಕುದುರೆ ಹುಡುಕುತ್ತಿದ್ದ. ದಸ್ತಗೀರನಿಗೆ ಬೆಲೆ ಮಾತಾಡಲು ಬಾರದು, ಅದಕ್ಕೇ ನಾನು ಜೊತೆಗೆ ಹೋದೆ. ಹೆದ್ದಾರಿಯ ಪಕ್ಕ ಹುಣಸೆಯ ಗಿಡದ ಕೆಳಗೆ ಅಂದು ನಾನು ಮಾಡಿದಂಥ ವ್ಯಾಪಾರ ಎಂದೂ ಮಾಡಿಲ್ಲ. ಎದ್ದು ಹೋದೆ, ಕೂಗಿಸಿಕೊಂಡು ಬಂದೆ, ಹಲ್ಲು ತೋರಿಸಿದೆ, ಗೊರಸು ಎತ್ತಿ ತೋರಿಸಿದೆ. ಭಟ್ಟಿಯವನು ಬೆವರು ಒರೆಸಿಕೊಳ್ಳುತ್ತ ನಾನು ಹೇಳಿದ್ದಕ್ಕೇ ಬಂದ. ಹಗ್ಗ ಅವನ ಕೈಗೆ ಹೋಯಿತು. ಹಿಂತಿರುಗುವ ದಾರಿಯಲ್ಲಿ ದಸ್ತಗೀರ ಮತ್ತೆ ಮತ್ತೆ ಹುಣಸೆಯ ಗಿಡದ ಕಡೆ ತಿರುಗಿ ನೋಡುತ್ತಿದ್ದ. ನನಗೆ ಸಿಟ್ಟು ಬಂತು.

"ಇಷ್ಟ ಚಲೋ ರೇಟ ಬಂತು, ಮುಖಾ ಯಾಕ ಹಂಗ ಮಾಡ್ಕೊಂಡಿ?"

"ಅಲ್ರೀ ಶೆಟ್ರ, ಅಂವನ ಹೊಟ್ಟಿ ಉರಿಸಿ ತಗೊಂಡ್ರಿ. ಅಂವ ಆ ಸಿಟ್ಟ ಯಾರ ಮ್ಯಾಲ ತೀರಸ್ತಾನ? ಹೊಡದಾನು ಅದಕ್ಕ."

ವ್ಯಾಪಾರದಲ್ಲಿ ಗೆದ್ದ ಮೇಲೆ ಅನ್ನ ಸೇರದ ರಾತ್ರಿ ನನ್ನ ಬಾಳಿನಲ್ಲಿ ಅದೊಂದು.

ಸೊಲ್ಲಾಪುರಕ್ಕೆ ಹೊರಡುವ ಮುನ್ನಾದಿನ ಅವನು ಬೆಳಿಗ್ಗೆ ನಡೆದೇ ಸ್ಟೇಷನ್ನಿಗೆ ಹೋಗುತ್ತೇನೆ ಎಂದ. ಹೆಂಡತಿ ಮಕ್ಕಳನ್ನು ಆಗಲೇ ಕಳಿಸಿಯಾಗಿತ್ತು. ಮರುದಿನ ಒಂದೇ ಸಮ ಮಳೆ ಹೊಯ್ಯುತ್ತಿತ್ತು, ಹೊಲದ ಕಾಲುದಾರಿಯ ಎರೆ ಮಣ್ಣಿನಲ್ಲಿ ಕಾಲು ಕೀಳುವುದಕ್ಕಾಗದು. ನಾನೇ ಬಲವಂತ ಮಾಡಿ ಬಸ್ಸಿಗೆ ಕರೆದುಕೊಂಡು ಹೋದೆ. ಇಷ್ಟು ದಿನ ಎಲ್ಲರನ್ನೂ ಹತ್ತಿಸಿದವನು ಒಳಗೆ ಎಂದೂ ಕಾಲಿಟ್ಟಿರಲಿಲ್ಲ. ಕಂಡಕ್ಟರ ಅವನಿಂದ ಟಿಕೀಟಿನ ದುಡ್ಡು ಬೇಡವೆಂದ. ದಸ್ತಗೀರ ಕೇಳಲಿಲ್ಲ, ಕೊಟ್ಟು ಚೀಟಿ ಇಸಿದುಕೊಂಡ. ಕಿಟಕಿಯ ಹತ್ತಿರ ಕೂಡಿಸಿದೆ.

ನಾನು ಬುದ್ಧಿ ಹೇಳುತ್ತಲೇ ಇದ್ದೆ. ಗಿರಣಿಯಲ್ಲಿ ಮೊದಲ ಪಗಾರ ಯಾರ ಕೈಗೂ ಕೊಡಬೇಡ, ಹತ್ತಿಯ ಧೂಳಿಗೆ ಬೆಲ್ಲ ತಿನ್ನು, ಕೆಲಸ ಹಂಚುವ ಜಾಬರನ ಜೊತೆ ಜಗಳ ಕಾಯಬೇಡ. ಅವನು ಹೂಂ ಎನ್ನುತ್ತಿದ್ದ. ಕಣ್ಣು ಹೊರಗಿತ್ತು. ಯಾವ ತಗ್ಗು, ಯಾವ ಏರು, ಎಲ್ಲಿ ನಿಂತು ಕುದುರೆಗೆ ನೀರು ಕುಡಿಸಬೇಕು ಎಂದು ಅವನು ಬಲ್ಲ ಜಾಗಗಳೆಲ್ಲ ಗಾಜಿನ ಹೊರಗೆ ಬಂದು ಬಂದು ಹಿಂದೆ ಬೀಳುತ್ತಿದ್ದವು. ಒಂದೊಂದರ ಹೆಸರು ಹೇಳಲು ಬಾಯಿ ತೆರೆಯುತ್ತಿದ್ದ, ಹೇಳುವುದರೊಳಗೆ ಅದು ದಾಟಿಹೋಗುತ್ತಿತ್ತು.

ಬಸ್ಸು ನಿಂತಿತು. ಎಲ್ಲರೂ ಇಳಿಯತೊಡಗಿದರು. ದಸ್ತಗೀರ ಏಳಲಿಲ್ಲ.

"ಯಾಕ ನಿಂತತ್ರಿ?"

"ಸ್ಟೇಶನ್ ಬಂತಪಾ, ಇಳಿ" ಎಂದೆ.

ಅವನು ಕಿಟಕಿಯಿಂದ ಬೇವಿನ ಗಿಡ ನೋಡಿದ. ಆಮೇಲೆ ನಾವು ಬಂದ ರಸ್ತೆಯ ಕಡೆ ನೋಡಿದ. ಆಮೇಲೆ ನನ್ನ ಮುಖ ನೋಡಿದ.

"ಇಷ್ಟ ಏನ್ರೀ ದಾರಿ?" ಎಂದ.